ನಾಯಿ ಕಚ್ಚಿ ಇಂಜೆಕ್ಷನ್ ಆಗಿದೆ, 5 ತಿಂಗಳ ಮಗುವಿಗೆ ಎದೆಹಾಲು ಕೊಡಬಹುದಾ?

ತೆಂಗಿನತೋಟ
ಮಂಗಳವಾರ ರಾತ್ರಿ 8:10

ಅಕ್ಕಂದಿರೇ, ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ಮೊನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ ಡೈರಿಗೆ ಹಾಲು ಹಾಕಿ ವಾಪಸ್ ಬರ್ತಿದ್ದೆ. ನಮ್ಮ ಬೀದಿ ನಾಯಿ ಅಲ್ಲ, ಎಲ್ಲಿಂದಲೋ ಬಂದಿದ್ದ ಕೆಂದನಾಯಿ. ಬೊಗಳಲೂ ಇಲ್ಲ, ಹಿಂದಿನಿಂದ ಬಂದು ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕ್ತು. ಕ್ಯಾನು ಬೀಸಿದ ಮೇಲೆ ಬಿಟ್ಟು ತೋಟದ ಕಡೆ ಹೋಯ್ತು, ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಎರಡು ಹಲ್ಲಿನ ತೂತು, ರಕ್ತ ಹಿಮ್ಮಡಿವರೆಗೂ ಇಳಿದಿತ್ತು. ನಾನು ನೀರು ಹುಯ್ಕೊಂಡೆ, ಅತ್ತೆ ಸುಣ್ಣಕ್ಕೆ ಕಾಫಿಪುಡಿ ಸೇರಿಸಿ ಮೆತ್ತಿದ್ರು.

ಹತ್ತು ಗಂಟೆಗೆ ಯಜಮಾನ್ರು ಪಕ್ಕದೂರಿನ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರು. ತೋಳಿಗೆ ಒಂದು ಇಂಜೆಕ್ಷನ್, ಇನ್ನೊಂದು ತೋಳಿಗೆ ಟೀಟಿ, ಐದು ದಿನದ ಮಾತ್ರೆ. ಬುಧವಾರ ಮತ್ತೆ ಬನ್ನಿ ಅಂದ್ರು. ಅಷ್ಟೇ.

ತೊಂದರೆ ಶುರುವಾಗಿದ್ದು ಮಾತ್ರೆ ತಗೊಳ್ಳೋಕೆ ಹೋದಾಗ. ಮೆಡಿಕಲ್ ಸ್ಟೋರಿನವರು, 'ಮಗು ಹಾಲು ಕುಡೀತಿದೆಯಾ? ಹಾಗಾದ್ರೆ ಕೋರ್ಸ್ ಮುಗಿಯೋವರೆಗೂ ನಿಲ್ಲಿಸಿಬಿಡಿ, ಔಷಧಿ ಹಾಲಲ್ಲಿ ಇಳಿಯುತ್ತೆ' ಅಂದ್ರು. ಯಜಮಾನ್ರು ಲಸಿಕೆ ಡಬ್ಬದೊಳಗಿನ ಚೀಟಿ ಬಿಡಿಸಿ ಮೊಬೈಲಲ್ಲಿ ಅರ್ಥ ಹುಡುಕಿದ್ರು. ಗರ್ಭಿಣಿಯರು, ಹಾಲುಣಿಸುವವರ ಮೇಲೆ ಪರೀಕ್ಷೆ ಮಾಡಿಲ್ಲ ಅಂತ ಏನೋ ಇದೆಯಂತೆ. ಅತ್ತೆಯದು ಬೇರೆ ವಾದ. ಅವರ ತವರಲ್ಲಿ ಹುಚ್ಚುನಾಯಿ ಕಚ್ಚಿದ ಹಸುವಿನ ಹಾಲು ಕುಡಿದ ಇಡೀ ಕೇರಿ ಸೂಜಿ ಹಾಕಿಸ್ಕೊಂಡಿತ್ತಂತೆ. 'ಹಸುವಿನ ಹಾಲಿಗೇ ಹಂಗಾದ್ರೆ ನಿನ್ನ ಹಾಲು?' ಅಂತಾರೆ. ಎದುರು ಹೇಳೋಕೆ ನನಗೆ ಏನೂ ತೋಚಲಿಲ್ಲ. ಎರಡೂರಾಚೆ ಒಬ್ಬರು ಬೆಲ್ಲದಲ್ಲಿ ಉಂಡೆ ಕಟ್ಟಿ ಔಷಧಿ ಕೊಡ್ತಾರಂತೆ, ಅದನ್ನು ತಗೊಂಡು 40 ದಿನ ಪಥ್ಯ ಮಾಡು ಅಂತಲೂ ಹೇಳ್ತಿದ್ದಾರೆ.

ಭಾನುವಾರದಿಂದ ಮಗುವಿಗೆ ಹಾಲು ಕೊಟ್ಟಿಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹುಯ್ತಿದ್ದಾರೆ. ಅರ್ಧ ಕುಡಿದು ಅರ್ಧ ಕತ್ತಿನ ಮೇಲೆ. ನನ್ನ ಎದೆ ಕಲ್ಲಾಗಿದೆ, ಹಿಂಡಿ ಹಿಂಡಿ ತೆಂಗಿನ ಬುಡಕ್ಕೆ ಹಾಕ್ತಿದ್ದೀನಿ. ಈಗ ಜ್ವರ ಬಂದ ಹಾಗೂ ಇದೆ. ಹೇಳಿ, ಕೊಡಬಹುದಾ ಬೇಡವಾ?


ಸುಮ್ನೆಓದುಗ
ಮಂಗಳವಾರ ರಾತ್ರಿ 8:25

ಡಾಕ್ಟರ್ ಅಲ್ಲ ನಾನು. ಆದ್ರೂ ರಿಸ್ಕ್ ಯಾಕೆ ಮೇಡಂ? ಒಂದು ತಿಂಗಳು ಡಬ್ಬದ ಪುಡಿ ಕೊಡಿ. ಚೀಟಿಯಲ್ಲೇ ಬರೆದಿದೆ ಅಂದಮೇಲೆ ಏನೋ ಇರಲೇಬೇಕು.


ಕುಬಸದಸೀರಿ
ಮಂಗಳವಾರ ರಾತ್ರಿ 8:50

ಅಕ್ಕಾರ, ಹೆದರಬ್ಯಾಡ್ರಿ. ನಂದೂ ಹಿಂಗ ಆಗಿತ್ತು, ಅದೂ ಹೊಟ್ಟೀಲಿದ್ದಾಗ. ಏಳನೇ ತಿಂಗಳ, ಕುಬಸ ಮಾಡಿ ಎರಡ ದಿನಾ ಆಗಿತ್ತು. ಹಿತ್ತಲದಾಗ ಬೆಕ್ಕಿಗೆ ಹಾಲ ಹಾಕಾಕ ಹೋದ್ರ ಹೆಬ್ಬೆಟ್ಟಿಗೆ ಕಚ್ಚೇಬಿಡ್ತು. ನಮ್ಮವ್ವ ಅಳಾಕ ಚಾಲೂ ಮಾಡಿದ್ಳು. ಬಸರಿಗೆ ಸೂಜಿ ಹಾಕಿಸಿದ್ರ ಕೂಸಿಗೆ ಏನರ ಆದೀತು ಅಂತ. ಸರ್ಕಾರಿ ದವಾಖಾನಿ ಡಾಕ್ಟರು ಒಂದ ಮಾತ ಅಂದ್ರು: 'ಯವ್ವಾ, ಬಸರಿ ಅಂತ ಬಿಡೂ ಸೂಜಿ ಬ್ಯಾರೆ ಅದಾವು. ಇದನ್ನ ಬಿಡಂಗಿಲ್ಲ.'

ಎರಡೂ ರಟ್ಟಿಗೆ ಚರ್ಮದಾಗ ಸಣ್ಣ ಸಣ್ಣ ಸೂಜಿ. ಅವತ್ತ, ಮೂರನೇ ದಿನ, ಏಳನೇ ದಿನ, 28ನೇ ದಿನ. ಕಡೀ ಸೂಜಿಗೆ ಎಂಟರಾಗ ಇದ್ದೆ. ಹಡದ ಮ್ಯಾಲೆ ಹಾಲೂ ಕುಡಿಸೀನಿ. ಈಗ ಮಗಗ ಮೂರ ವರ್ಷ, ಅಂಗನವಾಡ್ಯಾಗ ತನ್ನ ತತ್ತಿ ತಿಂದು ಬಾಜೂದವರ ತತ್ತಿಗೂ ಕೈ ಹಾಕ್ತಾನ.


ನಿವೃತ್ತಸಿಸ್ಟರ್
ಮಂಗಳವಾರ ರಾತ್ರಿ 9:30

ತೆಂಗಿನತೋಟದ ಮಗಳೇ, ಮೊದಲು ಮಗುವನ್ನು ಎತ್ತಿಕೊಂಡು ಹಾಲು ಕೊಡು. ಉಳಿದದ್ದನ್ನು ಕೊಡುತ್ತಾ ಓದು.

ನಾನು 1989ರಲ್ಲಿ ಕೆಲಸಕ್ಕೆ ಸೇರಿ 2022ರಲ್ಲಿ ನಿವೃತ್ತಿಯಾದ ಎಎನ್‌ಎಂ, ಅಂದ್ರೆ ಹಳ್ಳಿಯ ನರ್ಸಮ್ಮ. ಮಲೆನಾಡಿನ ಉಪಕೇಂದ್ರಗಳಲ್ಲೇ ಹೆಚ್ಚು ವರ್ಷ ಕಳೆದೆ. ಎಷ್ಟು ಗುರುವಾರ ಲಸಿಕೆಯ ಐಸ್ ಡಬ್ಬ ಹೆಗಲಿಗೆ ಹಾಕಿಕೊಂಡು ಹೊಳೆ ದಾಟಿದ್ದೀನೋ ಲೆಕ್ಕ ಇಲ್ಲ. ಹಾಗಾಗಿ ಸ್ವಲ್ಪ ಜೋರಾಗಿ ಬೈದರೆ ಬೇಜಾರು ಮಾಡ್ಕೋಬೇಡ.

ನೀನು ಹಾಲಿನ ವಿಷಯ ಕೇಳ್ತಿದ್ದೀಯ. ನನಗೆ ಚಿಂತೆ ಹಚ್ಚಿರೋದು ನಿನ್ನ ಕಾಲು.

ರಕ್ತ ಬಂದಿದೆ, ಹಲ್ಲು ಒಳಗೆ ಇಳಿದಿದೆ, ನಾಯಿ ಗೊತ್ತಿಲ್ಲದ್ದು, ಆಮೇಲೆ ಕಂಡೂ ಇಲ್ಲ. ಇದಕ್ಕೆ ಮೂರನೇ ವರ್ಗದ ಕಡಿತ ಅಂತಾರೆ. ಮೂರನೇ ವರ್ಗ ಅಂದ್ರೆ ತೋಳಿನ ಲಸಿಕೆ ಒಂದೇ ಸಾಲದು, ಗಾಯದ ಒಳಗೂ ಸುತ್ತಲೂ ಇನ್ನೊಂದು ಔಷಧಿ ಚುಚ್ಚಬೇಕು. ಇಮ್ಯುನೊಗ್ಲಾಬ್ಯುಲಿನ್ ಅಂತ ಅದರ ಹೆಸರು, ನಾವೆಲ್ಲ ಸೀರಮ್ ಅಂತಿದ್ವಿ. ನಿನ್ನ ಬರಹ ಎರಡು ಸಲ ಓದಿದೆ, ಕಾಲಿಗೆ ಇಂಜೆಕ್ಷನ್ ಕೊಟ್ಟರು ಅಂತ ಎಲ್ಲೂ ಇಲ್ಲ. ಕೊಟ್ಟಿದ್ರೆ ನೀನು ಮರೆಯೋದು ಸಾಧ್ಯವೇ ಇಲ್ಲ, ಅಷ್ಟು ನೋಯುತ್ತೆ.

ಅದು ಯಾಕೆ ಬೇಕು ಅಂದ್ರೆ, ತೋಳಿಗೆ ಹಾಕಿದ ಲಸಿಕೆ ನಿನ್ನ ಮೈಗೆ ಪಾಠ ಹೇಳಿಕೊಡುತ್ತೆ. ಮೈ ಆ ಪಾಠ ಕಲಿತು ತಾನೇ ಪ್ರತಿಕಾಯ ತಯಾರಿಸೋಕೆ ಒಂದು ವಾರ, ಹತ್ತು ದಿನ ಬೇಕು. ಅಷ್ಟು ದಿನ ಗಾಯದ ಬಾಯಲ್ಲಿ ಕಾವಲು ಯಾರು? ಈ ಸೀರಮ್ ಹೊರಗಿನಿಂದ ತಂದು ನಿಲ್ಲಿಸಿದ ಕಾವಲು. ಮೊದಲ ದಿನವೇ ಆಗಬೇಕಿತ್ತು. ಆಗದಿದ್ರೆ ಮೊದಲ ಲಸಿಕೆಯಿಂದ 7ನೇ ದಿನದೊಳಗೆ ಕೊಡಬಹುದು, ಆಮೇಲೆ ಕೊಡಲ್ಲ, ಆ ಹೊತ್ತಿಗೆ ನಿನ್ನ ಮೈಯದೇ ಶುರುವಾಗಿರುತ್ತೆ. ಭಾನುವಾರ ಸೊನ್ನೆ ದಿನ ಅಂತ ಎಣಿಸು. ನಾಳೆ ಬುಧವಾರ ಮೂರನೇ ದಿನ. ಟೈಮ್ ಇದೆ, ಆದ್ರೆ ನಾಡಿದ್ದು ಅನ್ನಬೇಡ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡು. ಚಿಕ್ಕ ಕ್ಲಿನಿಕ್ಕುಗಳಲ್ಲಿ ಸೀರಮ್ ಇಡೋದು ಕಡಿಮೆ. ತಾಲ್ಲೂಕು ಆಸ್ಪತ್ರೆಗೆ ಮೊದಲು ಫೋನ್ ಮಾಡಿ 'ಸೀರಮ್ ಇದೆಯಾ' ಅಂತಲೇ ಕೇಳು. 'ನಾಯಿ ಕಚ್ಚಿದ್ದಕ್ಕೆ ಇಂಜೆಕ್ಷನ್ ಇದೆಯಾ' ಅಂತ ಕೇಳಿದ್ರೆ ಇದೆ ಅಂತಾರೆ, ಹೋದಮೇಲೆ ಅದು ಬರೀ ಲಸಿಕೆ ಆಗಿರುತ್ತೆ.

ಇವತ್ತು ರಾತ್ರಿ ಮಾಡೋ ಕೆಲಸ ಒಂದಿದೆ. ಆ ಸುಣ್ಣ, ಕಾಫಿಪುಡಿ ಏನಾದ್ರೂ ಅಂಟಿಕೊಂಡಿದ್ರೆ ನೆನೆಸಿ ತೆಗಿ. ನಲ್ಲಿ ಕೆಳಗೆ ಕಾಲಿಟ್ಟು ಸೋಪು ಹಚ್ಚಿ 15 ನಿಮಿಷ ತೊಳಿ. ಮೊದಲ ದಿನವೇ ಸೋಪು ಬೇಕಿತ್ತು. ಈ ವೈರಾಣುವಿನ ಮೈಮೇಲೆ ಜಿಡ್ಡಿನ ಹೊದಿಕೆ ಇರುತ್ತೆ, ಸೋಪಿಗೆ ಅದು ಹರಿದುಹೋಗುತ್ತೆ. ಮೇಲೆ ಏನೂ ಕಟ್ಟಬೇಡ.

ಈಗ ಹಾಲು. ನಿಮ್ಮ ಅತ್ತೆಯವರ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ, ಅದಕ್ಕೆ ನೆಟ್ಟಗೆ ಉತ್ತರ ಹೇಳಬೇಕು. ಆ ಹಸುವಿಗೆ ರೋಗವೇ ಬಂದಿತ್ತೇನೋ. ನಿನಗೆ ಬರೀ ಕಚ್ಚಿದೆ. ರೇಬಿಸ್ ವೈರಾಣು ರಕ್ತದಲ್ಲಿ ಹರಿದಾಡಲ್ಲ. ಗಾಯದ ಹತ್ತಿರದ ನರ ಹಿಡಿದು ನಿಧಾನಕ್ಕೆ ಮಿದುಳಿನ ಕಡೆ ತೆವಳುತ್ತೆ. ನಿನ್ನ ಮೀನಖಂಡದಿಂದ ಎದೆಹಾಲಿಗೆ ದಾರಿಯೇ ಇಲ್ಲ. ಅಷ್ಟಕ್ಕೂ ಕಾಯಿಸಿದ ಹಾಲಿನಿಂದ ಯಾರಿಗೂ ರೇಬಿಸ್ ಬರಲ್ಲ. ಆ ಕೇರಿಯವರು ಹೆದರಿ ಹಾಕಿಸಿಕೊಂಡಿದ್ದು, ಹೆದರೋದು ಸಹಜ.

ಇನ್ನು ಲಸಿಕೆ. ಅದರಲ್ಲಿರೋದು ಸತ್ತ ವೈರಾಣು. ಸತ್ತದ್ದು ನಿನ್ನೊಳಗೂ ಬೆಳೆಯಲ್ಲ, ಹಾಲಿನಲ್ಲೂ ಇಳಿಯಲ್ಲ. ಹಾಲು ಕೊಡೋರಿಗೂ ಬಸುರಿಯರಿಗೂ ಲಸಿಕೆ, ಸೀರಮ್ ಎರಡೂ ಕೊಡ್ತಾರೆ, ಕೊಡಲೇಬೇಕು. ಕುಬಸದ ತಾಯಿಗೆ ಆ ಡಾಕ್ಟರು ಹೇಳಿದ್ದು ಲಾಖು ರೂಪಾಯಿ ಮಾತು. ನಮ್ಮ ಬೆಂಗಳೂರಿನ ಕಿಮ್ಸ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಎಂ.ಕೆ. ಸುದರ್ಶನ್ ಅವರ ತಂಡ ನಾಯಿ ಕಚ್ಚಿಸಿಕೊಂಡ ಗರ್ಭಿಣಿಯರಿಗೆ ಈ ಲಸಿಕೆ ಕೊಟ್ಟು, ತಾಯಿ ಮಗು ಇಬ್ಬರನ್ನೂ ಗಮನಿಸಿ 1999ರಲ್ಲಿ, ಮತ್ತೆ 2007ರಲ್ಲಿ ಬರೆದಿತ್ತು. ಲಸಿಕೆಯಿಂದ ಕೆಡುಕು ಕಾಣಲಿಲ್ಲ.

ಸುಮ್ನೆ ಓದೋ ಅಣ್ಣನಿಗೆ: ಚೀಟಿಯಲ್ಲಿ 'ಪರೀಕ್ಷೆ ಮಾಡಿಲ್ಲ' ಅಂತ ಇದ್ದರೆ 'ವಿಷ' ಅಂತ ಅರ್ಥ ಅಲ್ಲಪ್ಪ. ಹೊಸ ಔಷಧಿ ಪರೀಕ್ಷೆಗೆ ಬಸುರಿಯರನ್ನು, ಬಾಣಂತಿಯರನ್ನು ಸೇರಿಸಿಕೊಳ್ಳೋದು ಅಪರೂಪ, ಹಾಗಾಗಿ ಕಂಪನಿಯವರು ಆ ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಕೊರೊನಾ ಲಸಿಕೆಯಲ್ಲಿ ನಾನೇ ಇದರ ನಡುವೆ ಸಿಕ್ಕಿಹಾಕಿಕೊಂಡಿದ್ದೆ. 2021ರ ಜನವರಿಯಲ್ಲಿ ಹಾಲುಣಿಸೋರಿಗೂ ಗರ್ಭಿಣಿಯರಿಗೂ ಬೇಡ ಅಂತ ಆದೇಶ, ಸಾಲಿನಲ್ಲಿ ನಿಂತವರನ್ನು ನಾನೇ ವಾಪಸ್ ಕಳಿಸಿದೆ. ಮೇ 19ಕ್ಕೆ ಹಾಲುಣಿಸೋರಿಗೆ ಹಾಕಿ ಅಂತ ಬಂತು, ಜುಲೈ 2ಕ್ಕೆ ಗರ್ಭಿಣಿಯರಿಗೂ ಹಾಕಿ ಅಂತ ಬಂತು. ಮನೆಮನೆಗೆ ಹೋದರೆ ಒಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು, 'ಎರಡು ತಿಂಗಳ ಹಿಂದೆ ಬೇಡ ಅಂದೋರು ನೀವೇ ಅಲ್ವಾ ಸಿಸ್ಟರ್?' ಅವಳು ಕೇಳಿದ್ದು ಸರಿಯೇ ಇತ್ತು. ಮಾಹಿತಿ ಕೈಗೆ ಬಂದಮೇಲೆ ಮಾತು ಬದಲಾಯ್ತು ಅಂತ ವಿವರಿಸೋಕೆ ಅರ್ಧ ಗಂಟೆ ಬೇಕಾಯ್ತು. ನಾಯಿ ಕಡಿತದ ಲಸಿಕೆ ಹಾಗಲ್ಲ, ದಶಕಗಳಿಂದ ಕೊಡ್ತಾ ಬಂದಿದ್ದಾರೆ.

ಅತ್ತೆಯವರ ಹೆದರಿಕೆಗೆ ಇನ್ನೊಂದು ಬೇರು ಇದೆ. ಅವರ ಕಾಲದ ಸೂಜಿ ನಿಜಕ್ಕೂ ಭಯಂಕರ. ಕುರಿಯ ಮಿದುಳಿನಿಂದ ಮಾಡಿದ ಲಸಿಕೆ, ಹೊಕ್ಕಳ ಸುತ್ತ ಹದಿನಾಲ್ಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಟು ತಿಂಗಳ ಬಸುರಿಯೊಬ್ಬಳು ಬಂದಿದ್ದಳು. ಬೆಂಚಿನ ಮೇಲೆ ಮಲಗಿಸಿದರೆ ಹೊಟ್ಟೆಯ ಚರ್ಮ ತಮಟೆ ಹಾಗೆ ಬಿಗಿದಿತ್ತು, ಎಲ್ಲಿ ಚಿವುಟಿ ಹಿಡಿಯೋದು, ಎಲ್ಲಿ ಚುಚ್ಚೋದು? ಪಕ್ಕೆಯಲ್ಲಿ ಹುಡುಕಿ ಹುಡುಕಿ ಕೊಟ್ಟೆ. ಒಂಬತ್ತನೆಯದಕ್ಕೆ ಬರೋದು ನಿಲ್ಲಿಸಿದಳು. ಗಂಡನ ಮನೆಯವರು ಕಳಿಸಲಿಲ್ಲ. ನಾಯಿಗೆ ಹುಚ್ಚು ಇರಲಿಲ್ಲವೇನೋ, ಬದುಕಿದಳು. ಆ ಲಸಿಕೆಯಿಂದ ಕೆಲವರಿಗೆ ಕೈಕಾಲು ಬಿದ್ದುಹೋಗಿದ್ದೂ ಉಂಟು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದನ್ನು ತಯಾರಿಸೋದು ನಿಂತಿತು. ಈಗಿನದು ಬೇರೆಯೇ ವಸ್ತು, ಗಾಜಿನ ಬಾಟಲಿಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಾಗೋದು. ಪಥ್ಯ ಯಾವುದೂ ಇಲ್ಲ. ಮೊಟ್ಟೆ, ಕೋಳಿ, ಬದನೆಕಾಯಿ ಎಲ್ಲ ತಿನ್ನು, ಹಾಲು ಕೊಡೋಳು ನೀನು.

ಬೆಲ್ಲದ ಉಂಡೆ ಬೇಡ. ಉಂಡೆಯೊಳಗೆ ಏನಿದೆಯೋ ಗೊತ್ತಿಲ್ಲ, ಅದು ಹಾಲಿಗೆ ಇಳಿದರೂ ಇಳಿಯಬಹುದು. ಹಾಲಿನ ಬಗ್ಗೆ ಹೆದರೋದಿದ್ದರೆ ಅದಕ್ಕೆ ಹೆದರಬೇಕು.

ಐದು ತಿಂಗಳ ಕೂಸಿಗೆ ಹಸುವಿನ ಹಾಲು, ಅದಕ್ಕೆ ನೀರು! ಒಳಲೆ ತೊಳೆದು ಅಟ್ಟಕ್ಕೆ ಏರಿಸು. ಎದೆ ಕಲ್ಲಾಗಿರೋದಕ್ಕೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಒತ್ತಿ, ತೊಟ್ಟಿನ ಸುತ್ತ ಮೆತ್ತಗಾಗೋವಷ್ಟು ಕೈಯಲ್ಲಿ ಹಿಂಡಿ, ಆಮೇಲೆ ಕೂಸಿಗೆ ಹಿಡಿ. ಗಟ್ಟಿ ಇದ್ದಾಗ ಬಾಯಿಗೆ ಸಿಗಲ್ಲ, ಅಳುತ್ತೆ, ಬಿಡಬೇಡ. ರಾತ್ರಿ ಎರಡು ಮೂರು ಸಲ ಆದ್ರೆ ಹಗುರಾಗುತ್ತೆ. ಎದೆ ಕೆಂಪಗಾಗಿ ಜ್ವರ ಏರಿದ್ರೆ ನಾಳೆ ಅದನ್ನೂ ಡಾಕ್ಟರಿಗೆ ತೋರಿಸು. ಮಾತ್ರೆ ಚೀಟಿ ಒಯ್ಯಿ, ಹಾಲು ಕೊಡ್ತಿದ್ದೀನಿ ಅಂತ ಬಾಯಿಬಿಟ್ಟು ಹೇಳು.

ತಾಯಿ ಕಾರ್ಡೂ ಒಯ್ಯಿ. ಬಸುರಿಯಲ್ಲಿ ಎರಡು ಟೀಡಿ (ಅದರಲ್ಲೂ ಧನುರ್ವಾಯು ಲಸಿಕೆ ಇರುತ್ತೆ) ಆಗಿದ್ರೆ ಭಾನುವಾರದ ಟೀಟಿ ಬೇಕಿರಲಿಲ್ಲ, ಆದ್ರೆ ಕೊಟ್ಟದ್ದರಿಂದ ಕೆಡುಕೇನಿಲ್ಲ. ತೋಳು ಒಂದೆರಡು ದಿನ ನೋಯಬಹುದು.

ಒಂದೇ ಒಂದು ಸಲ ರೇಬಿಸ್ ಬಂದವರನ್ನು ಕಣ್ಣಾರೆ ನೋಡಿದ್ದೀನಿ. ನೀರಿನ ಲೋಟ ಕಂಡರೆ ಅವರ ಗಂಟಲು ಏನಾಗ್ತಿತ್ತು ಅನ್ನೋದನ್ನು ಹಾಲು ಕೊಡೋ ತಾಯಿಗೆ ರಾತ್ರಿ ಹೊತ್ತು ಬರೆಯಲ್ಲ. ನಾಳೆ ಹೋಗು.


ತೆಂಗಿನತೋಟ
ಮಂಗಳವಾರ ರಾತ್ರಿ 10:55

ಸಿಸ್ಟರ್ ಅಮ್ಮ, ಅತ್ತೆಗೆ ಎಲ್ಲ ಓದಿ ಹೇಳಿದೆ. ಹೊಕ್ಕಳ ಸೂಜಿ ವಿಷಯ ಬಂದಾಗ 'ಹೌದು, ನನ್ನ ತಮ್ಮನಿಗೆ ಹಂಗೇ ಹಾಕಿದ್ರು, ನಾಲ್ಕು ಜನ ಹಿಡ್ಕೊಂಡಿದ್ರು' ಅಂದ್ರು. ಆಮೇಲೆ ಸುಮ್ಮನಾದ್ರು. ನೀವು ಹೇಳಿದ್ದು ನಿಜ, ಕಾಲಿಗೆ ಏನೂ ಕೊಟ್ಟಿಲ್ಲ. ಮಗು ಮೊದಲು ಬಾಯಿ ಹಾಕಲೇ ಇಲ್ಲ, ಈಗ ಕುಡಿದು ಮಲಗಿದೆ. ನಾಳೆ ಮಗುವನ್ನೂ ಕರ್ಕೊಂಡೇ ಹೋಗ್ತೀನಿ.


ಮಲ್ಲಿಗೆಮೊಗ್ಗು
ಬುಧವಾರ ಬೆಳಿಗ್ಗೆ 7:15

ಸಿಸ್ಟರ್, ನಗಬೇಡಿ. ನನಗೆ ಏಳು ತಿಂಗಳು. ಡಾಕ್ಟರು 'ನಾಯಿಕೆಮ್ಮಿನ ಲಸಿಕೆ' ಅಂತ ಬರೆದುಕೊಟ್ಟಿದ್ದಾರೆ. ಅದು ಹಾಕಿಸ್ಕೊಂಡ್ರೆ ನಾಯಿ ಕಚ್ಚಿದ್ದಕ್ಕೂ ಆಗುತ್ತಾ? ಪಿಎಚ್‌ಸಿಯಲ್ಲಿ ಈಗಾಗಲೇ ಎರಡು ಆಗಿದೆ, ಮತ್ತೆ ಇದು ಯಾಕೆ? ಇನ್ನೊಂದು: ರುಬೆಲ್ಲಾ ರಕ್ತಪರೀಕ್ಷೆಯಲ್ಲಿ ನನಗೆ ಶಕ್ತಿ ಇಲ್ಲ ಅಂತ ಬಂದಿದೆ, ಅದರ ಲಸಿಕೆ ಹೆರಿಗೆ ಆದಮೇಲೆ ಅಂದ್ರು. ಆಗ ಹಾಲು ಕೊಡ್ತಿರ್ತೀನಲ್ಲ?


ನಿವೃತ್ತಸಿಸ್ಟರ್
ಬುಧವಾರ ಬೆಳಿಗ್ಗೆ 8:40

ನಕ್ಕೆ, ಸುಳ್ಳು ಹೇಳಲ್ಲ. ಆದ್ರೆ ನಿನ್ನ ಮೇಲಲ್ಲ, ಹೆಸರಿಟ್ಟವರ ಮೇಲೆ. ನಾಯಿಕೆಮ್ಮಿಗೂ ನಾಯಿಗೂ ಸಂಬಂಧ ಇಲ್ಲ. ಕೂಸು ಕೆಮ್ಮಿ ಕೆಮ್ಮಿ ಉಸಿರು ಎಳೆಯೋಕಾಗದೆ ನೀಲಿಗಟ್ಟೋ ಕಾಯಿಲೆ ಅದು. ತೀರಾ ಎಳೆಯ ಕೂಸಾದ್ರೆ ಕೆಮ್ಮೋದೂ ಇಲ್ಲ, ಉಸಿರೇ ನಿಲ್ಲಿಸಿಬಿಡುತ್ತೆ.

ಪಿಎಚ್‌ಸಿಯಲ್ಲಿ ಹಾಕಿದ್ದು ಟೀಡಿ, ಅದರಲ್ಲಿ ಧನುರ್ವಾಯು ಮತ್ತು ಗಂಟಲಮಾರಿಗೆ ಮಾತ್ರ ರಕ್ಷಣೆ. ನಾಯಿಕೆಮ್ಮಿನ ಭಾಗ ಇರೋದು ಟೀಡ್ಯಾಪ್‌ನಲ್ಲಿ, ಅದಕ್ಕೆ ಸದ್ಯ ಖಾಸಗಿಯಲ್ಲೇ ದುಡ್ಡು ಕೊಡಬೇಕು. 27ರಿಂದ 36ನೇ ವಾರದ ನಡುವೆ ಹಾಕಿಸ್ಕೊಂಡರೆ ನಿನ್ನ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಮಾಸು ದಾಟಿ ಕೂಸಿಗೆ ಹೋಗುತ್ತೆ. ನಾಯಿಕೆಮ್ಮಿನ ಭಾಗ ಇರೋ ಕೂಸಿನ ಸ್ವಂತ ಪೆಂಟಾ ಲಸಿಕೆ ಶುರುವಾಗೋದೇ ಆರನೇ ವಾರಕ್ಕೆ, ಆಮೇಲೆ 10, 14. ಅಲ್ಲಿವರೆಗೂ ನೀನು ಕೊಟ್ಟ ಬುತ್ತಿಯಲ್ಲೇ ಅದು ದಿನ ದೂಡಬೇಕು. ದುಡ್ಡಿಗೆ ಆಗುತ್ತೆ ಅಂದ್ರೆ ಹಾಕಿಸ್ಕೊ, ಮುಂದಿನ ಬಸುರಿಗೆ ಮತ್ತೆ ಹೊಸದಾಗಿ.

ರುಬೆಲ್ಲಾದು ಜೀವಂತ ಲಸಿಕೆ, ಬಲ ಕುಂದಿಸಿದ ವೈರಾಣು. ಅದಕ್ಕೇ ಬಸುರಿಯಲ್ಲಿ ಕೊಡಲ್ಲ, ಸಿಡುಬಿನ ಅಮ್ಮನ ಲಸಿಕೆಯೂ ಹಾಗೇ. ಸಿಡುಬು ಅಂದೆ, ನಮ್ಮ ಕಡೆ ಎಲ್ಲದಕ್ಕೂ ಅಮ್ಮ ಅಂತೀವಿ, ನಾನು ಹೇಳ್ತಿರೋದು ಸೀತಾಳೆ ಸಿಡುಬು. ಹೆರಿಗೆ ಆದಮೇಲೆ ಹಾಲು ಕೊಡ್ತಾ ಇವೆರಡನ್ನೂ ಹಾಕಿಸ್ಕೊಬಹುದು. ಆಮೇಲೆ ಒಂದು ತಿಂಗಳು ಬಸುರಿಯಾಗಬೇಡ, ಅಷ್ಟೇ. ಹಾಲು ಕೊಡುವಾಗ ನಿಂತು ಯೋಚಿಸಬೇಕಾದ್ದು ಹಳದಿ ಜ್ವರದ ಲಸಿಕೆ, ಅದು ಆಫ್ರಿಕಾ ಕಡೆ ಹೋಗೋರಿಗೆ. ನಿನಗೆ ಆ ಯೋಗ ಬಂದರೆ ಆಗ ಕೇಳು.


ತೆಂಗಿನತೋಟ
ಬುಧವಾರ ರಾತ್ರಿ 9:05

ಆಯ್ತು. ಬರೆದುಬಿಡ್ತೀನಿ, ಇನ್ಯಾರಿಗಾದ್ರೂ ಬೇಕಾಗಬಹುದು.

ನೀವು ಹೇಳಿದ ಹಾಗೇ 'ಸೀರಮ್ ಇದೆಯಾ' ಅಂತ ಫೋನಲ್ಲಿ ಕೇಳಿದ್ವಿ. ತಾಲ್ಲೂಕು ಆಸ್ಪತ್ರೆಯಲ್ಲಿ ಖಾಲಿ ಅಂದ್ರು. ನೇರ ಜಿಲ್ಲಾಸ್ಪತ್ರೆಗೆ ಹೋದ್ವಿ. ಚೀಟಿ ಮಾಡಿಸಿ ಹನ್ನೊಂದಕ್ಕೆ ಒಳಗೆ. ಡಾಕ್ಟರಮ್ಮ ಗಾಯ ನೋಡಿದ ತಕ್ಷಣ 'ಇದಕ್ಕೆ ಸೀರಮ್ ಕೊಟ್ಟಿಲ್ವಾ?' ಅಂದ್ರು. ತೂಕ ನೋಡಿದ್ರು, 56 ಕೆ.ಜಿ. ಕುದುರೆ ರಕ್ತದಿಂದ ಮಾಡಿದ ಸೀರಮ್ ಆದ್ರೆ ಕೆ.ಜಿ.ಗೆ 40 ಯೂನಿಟ್ ಲೆಕ್ಕ ಅಂತೆ. ಮೀನಖಂಡಕ್ಕೆ ಸುತ್ತಲೂ ಚುಚ್ಚಿ ಚುಚ್ಚಿ ಹಾಕಿದ್ರು. ಗಾಯ ಉಬ್ಬಿ ನಿಂಬೆಹಣ್ಣಿನ ಹಾಗಾಯ್ತು. ನೀವು ಬರೆದಿದ್ದು ಸರಿ, ಇದನ್ನು ಮರೆಯೋಕೆ ಸಾಧ್ಯ ಇಲ್ಲ. ಆಮೇಲೆ ಅರ್ಧ ಗಂಟೆ ಕೂರಿಸಿ ಬಿಪಿ ನೋಡಿದ್ರು. ಅಲ್ಲೇ ಬೆಂಚಿನ ಮೇಲೆ ಸೆರಗು ಮುಚ್ಚಿ ಹಾಲು ಕೊಡ್ತಿದ್ದೆ, ಡಾಕ್ಟರಮ್ಮ ನೋಡಿ ಏನೂ ಅನ್ನಲಿಲ್ಲ, ಫ್ಯಾನ್ ನಮ್ಮ ಕಡೆ ತಿರುಗಿಸಿ ಹೋದ್ರು.

ತೋಳಿನ ಎರಡನೇ ಲಸಿಕೆಯೂ ಆಯ್ತು. ಕ್ಲಿನಿಕ್ಕಿನಲ್ಲಿ ಮಾಂಸಖಂಡಕ್ಕೆ ಪೂರ್ತಿ ಬಾಟಲಿ ಕೊಟ್ಟಿರೋದ್ರಿಂದ ಅದೇ ದಾರಿಯಲ್ಲೇ ಮುಗಿಸೋಣ ಅಂದ್ರು, ಕುಬಸದ ಅಕ್ಕನಿಗೆ ಚರ್ಮಕ್ಕೆ ಕೊಟ್ಟಿದ್ದರ ಲೆಕ್ಕ ಬೇರೆ. ಇನ್ನು 7, 14, 28. ಮೂರೂ ಭಾನುವಾರವೇ ಬೀಳುತ್ತೆ! ಓಪಿಡಿ ಇರಲ್ಲ, ತುರ್ತು ವಿಭಾಗಕ್ಕೆ ಬನ್ನಿ ಅಂತ ಚೀಟಿ ಮೇಲೆ ಬರೆದುಕೊಟ್ಟಿದ್ದಾರೆ. ಮಾತ್ರೆಯನ್ನೂ ನೋಡಿದ್ರು, ಹಾಲು ಕೊಡೋರಿಗೆ ತೊಂದರೆ ಇಲ್ಲ, ಮುಗಿಸಿ ಅಂದ್ರು. ಎದೆ ಈಗ ಮೆತ್ತಗಾಗಿದೆ, ಜ್ವರ ಇಲ್ಲ.

ಅತ್ತೆ ಒಳಲೆ ತೊಳೆದು ಒರೆಸಿ ಮೇಲಿಟ್ಟರು. ಉಂಡೆ ಮಾತು ಎತ್ತಲಿಲ್ಲ. ರಾತ್ರಿ ಊಟಕ್ಕೆ ಬದನೆಕಾಯಿ ಎಣಗಾಯಿ ಮಾಡಿದ್ರು. ನನ್ನ ತಟ್ಟೆಗೆ ಮಾತ್ರ ಹಾಕಲಿಲ್ಲ. ನಾನೇ ಎದ್ದು ಬಡಿಸ್ಕೊಂಡೆ.